ಗಾಲಿ ಹಿಡಿದುಕೊಂಡಾಗ

ಎತ್ತಿನ ಬಂಡಿಯ ಗಾಲಿ ಸರಾಗವಾಗಿ ತಿರುಗದೆಹೋದರೆ ಅದರ ಕಾರಣವನ್ನು ಹುಡುಕಲು ನಮ್ಮ ಹಿರಿಯರು ದೂರ ಹೋಗಬೇಕಾಗಿರಲಿಲ್ಲ. ಅಚ್ಚಿನಲ್ಲಿ ಕೀಲೆಣ್ಣೆ ಒಣಗಿರುತ್ತಿತ್ತು. ಗಾಲಿಯನ್ನು ಕಳಚಿ ಎಣ್ಣೆ ಹಚ್ಚಿದರೆ ಬಂಡಿ ಮತ್ತೆ ನಡೆಯುತ್ತಿತ್ತು. ಮೋಟಾರುಗಾಡಿಯ ವಿಷಯ ಹಾಗಲ್ಲ. ಅದರ ಗಾಲಿ ಹಿಡಿದುಕೊಂಡಾಗ ದೋಷವು ಬಹುಮಟ್ಟಿಗೆ ಅಚ್ಚಿನಲ್ಲಿರುವುದಿಲ್ಲ, ಬ್ರೇಕಿನಲ್ಲಿರುತ್ತದೆ. ಗಾಡಿಯಲ್ಲಿ ಕುಳಿತವರೆಲ್ಲರ ಪ್ರಾಣವು ಬ್ರೇಕನ್ನೇ ನಂಬಿಕೊಂಡಿರುವುದರಿಂದ, ಈ ಸಂಗತಿಯನ್ನು ಕುರಿತು ಪ್ರತಿಯೊಬ್ಬ ಗೃಹಸ್ಥನೂ ನಾಲ್ಕು ಮಾತು ತಿಳಿದಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಗಾಲಿ ಹಿಡಿದುಕೊಳ್ಳುವ ಸಂದರ್ಭಗಳು ಮೂರು. ಬಹಳ ದಿನ ನಿಂತಿದ್ದ ಗಾಡಿಯನ್ನು ಹೊರಡಿಸಹೋದಾಗ ಗಾಲಿ ಅಲುಗದಿರುವುದು ಮೊದಲನೆಯದು. ಓಡುತ್ತಿರುವಾಗ ಕಾಲನ್ನು ತೆಗೆದರೂ ಬ್ರೇಕು ಬಿಡದೆ ಗಾಲಿಯನ್ನು ಹಿಡಿದೇ ಇರುವುದು ಎರಡನೆಯದು. ಗಾಬರಿಯಿಂದ ಬ್ರೇಕನ್ನು ತುಳಿದಾಗ ಗಾಲಿಯು ತಟ್ಟನೆ ನಿಂತು, ಗಾಡಿ ಮಾತ್ರ ಜಾರುತ್ತ ಮುಂದೆ ಸಾಗುವುದು ಮೂರನೆಯದು. ಜನರು ಈ ಮೂರನ್ನೂ ‘ಜಾಮ್ ಆಯಿತು’ ಎಂಬ ಒಂದೇ ಮಾತಿನಿಂದ ಹೇಳುವರು. ಆದರೆ ಇವುಗಳ ಕಾರಣವೂ ಬೇರೆ, ಪರಿಹಾರವೂ ಬೇರೆ.

ಮೊದಲು ಬ್ರೇಕಿನ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ನಮ್ಮಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕೂ ಹಿಂದಿನ ಗಾಲಿಗಳಿಗೆ ಡ್ರಮ್ ಬ್ರೇಕೂ ಇರುತ್ತವೆ. ಡಿಸ್ಕೆಂದರೆ ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆ. ಅದನ್ನು ಎರಡು ಕಡೆಯಿಂದಲೂ ಪ್ಯಾಡುಗಳು ಇಕ್ಕಳದಂತೆ ಅದುಮುವುವು. ಡ್ರಮ್ಮೆಂದರೆ ಡಬ್ಬಿಯ ಆಕಾರದ ಕಬ್ಬಿಣದ ಪಾತ್ರೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿದ್ದು, ಅವು ಹೊರಮುಖವಾಗಿ ಅಗಲಿಕೊಂಡು ಡ್ರಮ್ಮಿನ ಒಳಮೈಯನ್ನು ಒತ್ತುವುವು. ನಾವು ಪೆಡಲನ್ನು ತುಳಿದಾಗ ಕಾಲಿನ ಒತ್ತಡವನ್ನು ಕೊಳವೆಗಳ ಮೂಲಕ ನಾಲ್ಕು ಗಾಲಿಗಳಿಗೂ ಮುಟ್ಟಿಸುವುದು ಬ್ರೇಕ್ ಆಯಿಲ್. ಹ್ಯಾಂಡ್‌ಬ್ರೇಕು ಮಾತ್ರ ಸಾಮಾನ್ಯವಾಗಿ ತಂತಿಯ ಮೂಲಕ ಹಿಂದಿನ ಗಾಲಿಗಳನ್ನು ಹಿಡಿಯುತ್ತದೆ. ಒತ್ತುವುದು ಎಷ್ಟು ಮುಖ್ಯವೋ, ಒತ್ತಿದ್ದನ್ನು ಬಿಡುವುದೂ ಬ್ರೇಕಿಗೆ ಅಷ್ಟೇ ಮುಖ್ಯ. ಗಾಲಿ ಹಿಡಿದುಕೊಳ್ಳುವುದೆಂದರೆ ಬ್ರೇಕು ಬಿಡುವುದನ್ನು ಮರೆತಿದೆಯೆಂದು ಅರ್ಥ.

ಈಗ ನಿಂತ ಗಾಡಿಯ ವಿಚಾರ. ಮಳೆಗಾಲದಲ್ಲಿ ಗಾಡಿಯನ್ನು ತೊಳೆದೋ ನೆನೆಸಿಯೋ ತಂದು ಹ್ಯಾಂಡ್‌ಬ್ರೇಕನ್ನು ಬಿಗಿಯಾಗಿ ಎಳೆದು ಎರಡು ಮೂರು ವಾರ ಬಿಟ್ಟರೆ, ಡ್ರಮ್ಮಿನ ಒಳಮೈಗೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಒತ್ತಿಕೊಂಡಿರುವ ಶೂಗಳು ಆ ತುಕ್ಕಿನಿಂದಲೇ ಬೆಸೆದಂತೆ ಅಂಟಿಕೊಳ್ಳುವುವು. ಮಲೆನಾಡಿನ ತೇವ, ಕರಾವಳಿಯ ಉಪ್ಪುಗಾಳಿ ಇವೆರಡೂ ಈ ಕೆಲಸವನ್ನು ತ್ವರೆಗೊಳಿಸುತ್ತವೆ. ೨೦೨೦ನೆಯ ಇಸವಿ ಮಾರ್ಚಿ ೨೫ರಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡು ಕುಳಿತಾಗ ವಾರಗಟ್ಟಲೆ ನಿಂತ ಕಾರುಗಳಲ್ಲಿ ಎಷ್ಟೋ ಕಾರುಗಳ ಹಿಂದಿನ ಗಾಲಿಗಳು ಹೀಗೆಯೇ ಹಿಡಿದುಕೊಂಡಿದ್ದುವು. ಹ್ಯಾಂಡ್‌ಬ್ರೇಕಿನ ತಂತಿಯು ತನ್ನ ಕವಚದೊಳಗೆ ತುಕ್ಕು ಹಿಡಿದು ಹಿಂದಕ್ಕೆ ಸರಿಯದಿರುವುದೂ ಉಂಟು. ಆಗ ಒಳಗೆ ಕೈಹಿಡಿಯನ್ನು ಇಳಿಸಿದರೂ ಹಿಂದೆ ಶೂಗಳು ಸಡಿಲಗೊಳ್ಳುವುದಿಲ್ಲ.

ಇಂತಹ ಗಾಡಿಯನ್ನು ಬಿಡಿಸಹೊರಡುವ ಮೊದಲು ಇದು ನಿಜವಾಗಿಯೂ ಬ್ರೇಕಿನ ದೋಷವೇ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಗೇರು ಬಿದ್ದಿರುವ ಗಾಡಿಯನ್ನು ತಳ್ಳಿದರೆ ಅದು ಅಲುಗದಿರುವುದು ಸಹಜವೇ. ಎಂಜಿನ್ನೇ ಗಾಲಿಯನ್ನು ಹಿಡಿದಿರುತ್ತದೆ. ಆಟೊಮ್ಯಾಟಿಕ್ ಗಾಡಿಯಲ್ಲಿ ಗೇರಿನ ಕಡ್ಡಿಯು ‘ಪಿ’ ಎಂಬ ಗುರುತಿನಲ್ಲಿದ್ದರೂ ಹೀಗೆಯೇ. ಆದುದರಿಂದ ಗಾಡಿ ಸಮನೆಲದಲ್ಲಿದೆಯೆಂದು ನೋಡಿಕೊಂಡು, ಗಾಲಿಗಳ ಮುಂದೆಯೂ ಹಿಂದೆಯೂ ಒಂದು ಗೇಣು ಬಿಟ್ಟು ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿಗೆ ತಂದು, ಹ್ಯಾಂಡ್‌ಬ್ರೇಕನ್ನು ಇಳಿಸಿ ಮೆಲ್ಲಗೆ ತಳ್ಳಿ ನೋಡತಕ್ಕದ್ದು. ಕೆಲವು ಹೊಸ ಗಾಡಿಗಳ ಹ್ಯಾಂಡ್‌ಬ್ರೇಕು ವಿದ್ಯುತ್ತಿನಿಂದ ಕೆಲಸಮಾಡುತ್ತದೆ. ಬ್ಯಾಟರಿ ಇಳಿದುಹೋಗಿದ್ದರೆ ಅದು ಬಿಡುವುದೇ ಇಲ್ಲ. ಅಂತಹ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು.

ಬ್ರೇಕೇ ಹಿಡಿದಿರುವುದೆಂದು ತಿಳಿದ ಮೇಲೆ, ಹ್ಯಾಂಡ್‌ಬ್ರೇಕನ್ನು ನಾಲ್ಕಾರು ಸಲ ಎಳೆದು ಇಳಿಸಿರಿ. ಪೆಡಲನ್ನೂ ಅಷ್ಟೇ ಸಲ ತುಳಿದು ಬಿಡಿರಿ. ಅನಂತರ ಕಲ್ಲುಗಳನ್ನು ತೆಗೆದು, ಗಾಡಿಯ ಹಿಂದುಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಎಂಜಿನ್ನನ್ನು ಚಾಲೂ ಮಾಡಿ ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡಿರಿ. ಗಾಡಿ ತಡೆದರೆ ಕೂಡಲೆ ಕ್ಲಚ್ಚನ್ನು ಒತ್ತಿ, ರಿವರ್ಸ್ ಗೇರಿನಲ್ಲಿ ಹಾಗೆಯೇ ಮಾಡಿರಿ. ಹೀಗೆ ಮುಂದಕ್ಕೂ ಹಿಂದಕ್ಕೂ ತೊಟ್ಟಿಲು ತೂಗಿದಂತೆ ನಾಲ್ಕೈದು ಸಲ ಮಾಡಿದರೆ, ತುಕ್ಕು ತೆಳ್ಳಗಿದ್ದಲ್ಲಿ ‘ಟಕ್’ ಎಂಬ ಶಬ್ದವಾಗಿ ಗಾಲಿ ಬಿಟ್ಟುಕೊಳ್ಳುತ್ತದೆ. ಒಬ್ಬರು ಪಕ್ಕದಲ್ಲಿ ದೂರ ನಿಂತು ಯಾವ ಗಾಲಿ ತಿರುಗುತ್ತಿಲ್ಲವೆಂಬುದನ್ನು ನೋಡಿ ಹೇಳಿದರೆ ಒಳ್ಳೆಯದು. ಬಿಟ್ಟುಕೊಂಡ ಮೇಲೆ ನಿರ್ಜನವಾದ ರಸ್ತೆಯಲ್ಲಿ ನಿಧಾನವಾಗಿ ನಡೆಸಿ, ಬ್ರೇಕನ್ನು ಹಗುರವಾಗಿ ಹಲವು ಸಲ ಒತ್ತಿದರೆ ಉಳಿದ ತುಕ್ಕು ತಾನಾಗಿಯೇ ಉಜ್ಜಿಹೋಗುತ್ತದೆ.

ಇಷ್ಟಕ್ಕೂ ಬಿಡದಿದ್ದರೆ ಎಂಜಿನ್ನನ್ನು ಗರ್ಜಿಸುವಂತೆ ಮಾಡಿ ಬಲಾತ್ಕಾರದಿಂದ ಎಳೆಯಕೂಡದು. ಆಗ ಬಿಡುವುದು ತುಕ್ಕಲ್ಲ. ಶೂವಿಗೆ ಅಂಟಿಸಿರುವ ಲೈನಿಂಗೇ ಕಿತ್ತು ಡ್ರಮ್ಮಿನೊಳಗೆ ಬೀಳಬಹುದು. ಗಾಲಿ ತಿರುಗಿತೆಂದು ಮನೆಯವರು ಸಂತೋಷಪಡುವರು. ಆದರೆ ಆ ಗಾಲಿಗೆ ಅಂದಿನಿಂದ ಬ್ರೇಕೇ ಇಲ್ಲವೆಂಬುದು ಇಳಿಜಾರಿನಲ್ಲಿ ಗೊತ್ತಾಗುವುದು. ಕಿತ್ತುಬಂದ ತುಂಡು ಒಳಗೆ ಸಿಕ್ಕಿಕೊಂಡು ಓಡುವ ಗಾಲಿಯನ್ನು ಒಮ್ಮೆಗೇ ನಿಲ್ಲಿಸಿದರೂ ನಿಲ್ಲಿಸಬಹುದು. ಆದಕಾರಣ ಇಲ್ಲಿಂದ ಮುಂದಿನ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕನಿಗೆ ಬಿಡುವುದೇ ಲೇಸು. ಅವನು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗಾಲಿ ತೆಗೆದು, ತಂತಿಯನ್ನು ಸಡಿಲಿಸಿ, ಡ್ರಮ್ಮಿನ ಸುತ್ತ ಮರದ ಕೊಡತಿಯಿಂದ ತಟ್ಟಿ ಬಿಡಿಸುವನು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಸಂದಿಗಳಲ್ಲಿ ಸೀಮೆಯೆಣ್ಣೆಯನ್ನಾಗಲಿ ತುಕ್ಕು ಬಿಡಿಸುವ ಎಣ್ಣೆಯನ್ನಾಗಲಿ ಸುರಿಯಬಾರದು. ಲೈನಿಂಗು ಎಣ್ಣೆಯನ್ನು ಕುಡಿದರೆ ಬ್ರೇಕು ಹಿಡಿಯುವುದಿಲ್ಲ. ಡ್ರಮ್ಮನ್ನು ತೆರೆದಾಗ ಒಳಗಿನ ಧೂಳನ್ನು ಬಾಯಿಂದ ಊದುವ ಅಭ್ಯಾಸವನ್ನೂ ಬಿಡಬೇಕು. ಹಿಂದಿನ ಲೈನಿಂಗುಗಳಲ್ಲಿ ಕಲ್ನಾರನ್ನು ಸೇರಿಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದು. ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ಎರಡನೆಯ ಸಂದರ್ಭವು ಇದಕ್ಕಿಂತ ಗಂಭೀರವಾದುದು. ಏಕೆಂದರೆ ಅದು ಸದ್ದಿಲ್ಲದೆ ಬರುತ್ತದೆ. ಬ್ರೇಕು ಪೂರ್ತಿಯಾಗಿ ಬಿಡದೆ ಗಾಲಿಯನ್ನು ಸ್ವಲ್ಪವೇ ಹಿಡಿದಿದ್ದರೂ ಗಾಡಿ ಓಡುತ್ತಲೇ ಇರುತ್ತದೆ. ಆದರೆ ಗೇರು ತೆಗೆದರೆ ಮೊದಲಿನಂತೆ ತೇಲಿಕೊಂಡು ಹೋಗುವುದಿಲ್ಲ. ಸ್ಟಿಯರಿಂಗು ಒಂದು ಪಕ್ಕಕ್ಕೆ ಎಳೆಯುತ್ತದೆ. ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ. ಸುಟ್ಟ ವಾಸನೆ ಬರುತ್ತದೆ. ಗಾಡಿ ನಿಂತ ಮೇಲೆ ಪ್ರತಿಯೊಂದು ಗಾಲಿಯ ಹತ್ತಿರಕ್ಕೂ ಅಂಗೈಯನ್ನು ಒಯ್ದರೆ, ಮುಟ್ಟದೆಯೇ, ಒಂದರ ಕಾವು ಮಾತ್ರ ಬೇರೆಯಾಗಿರುವುದು ತಿಳಿಯುತ್ತದೆ. ಈ ಪರೀಕ್ಷೆಗೆ ಯಾವ ಸಾಧನವೂ ಬೇಡ. ದೂರ ಪ್ರಯಾಣಮಾಡುವವರು ಕಾಫಿಗೆಂದು ಇಳಿದಾಗಲೆಲ್ಲ ಇದನ್ನು ಮಾಡಬಹುದು.

ಹೀಗಾಗುವುದಕ್ಕೆ ಕಾರಣಗಳು ಹಲವು. ಡಿಸ್ಕನ್ನು ಅದುಮುವ ಕ್ಯಾಲಿಪರೆಂಬ ಭಾಗವು ಎರಡು ಸಣ್ಣ ಪಿನ್ನುಗಳ ಮೇಲೆ ಅತ್ತಿತ್ತ ಸರಿಯಬೇಕು. ಆ ಪಿನ್ನುಗಳಲ್ಲಿ ಗ್ರೀಸು ಒಣಗಿದರೆ ಅದು ಸರಿಯದೆ ಕಚ್ಚಿಕೊಳ್ಳುತ್ತದೆ. ಪಿಸ್ಟನ್ನಿನ ಮೇಲಿನ ರಬ್ಬರು ಮುಸುಕು ಹರಿದರೆ ನೀರು ಕೆಸರುಗಳು ಒಳಹೊಕ್ಕು ಪಿಸ್ಟನ್ನು ತುಕ್ಕು ಹಿಡಿಯುತ್ತದೆ. ಹ್ಯಾಂಡ್‌ಬ್ರೇಕಿನ ತಂತಿಯ ಮಾತನ್ನು ಮೊದಲೇ ಹೇಳಿದೆವು. ಗಾಲಿಯ ಬಳಿಯಿರುವ ರಬ್ಬರು ಕೊಳವೆಯು ಹಳೆಯದಾಗಿ ಒಳಗೇ ಊದಿಕೊಳ್ಳುವುದು ಇನ್ನೊಂದು ಕಾರಣ. ಹೊರಗಿನಿಂದ ನೋಡಿದರೆ ಕೊಳವೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕಾಲಿನ ಬಲದಿಂದ ಒಳಹೋದ ಆಯಿಲ್ ಹಿಂದಕ್ಕೆ ಬರಲು ದಾರಿ ಸಿಕ್ಕದೆ ಗಾಲಿಯನ್ನು ಹಿಡಿದೇ ಇರುತ್ತದೆ. ಬೇರಿಂಗು ಕೆಟ್ಟು ಗಾಲಿ ಬಿಗಿಯುವುದೂ ಉಂಟು. ಅದಕ್ಕೆ ಮುಂಚೆ ಬಹಳ ದಿನ ವೇಗದೊಡನೆ ಏರುವ ಗೊರಗೊರ ಶಬ್ದವು ಎಚ್ಚರಿಕೆ ಕೊಟ್ಟಿರುತ್ತದೆ.

ಕಾರಣವನ್ನು ಪತ್ತೆಮಾಡಲು ಕುಶಲನಾದ ಮೆಕ್ಯಾನಿಕ್ಕನು ಮಾಡುವ ಪರೀಕ್ಷೆಯೊಂದನ್ನು ಗೃಹಸ್ಥರು ತಿಳಿದಿದ್ದರೆ ಮೋಸಹೋಗುವ ಸಂಭವವಿಲ್ಲ. ಹಿಡಿದಿರುವ ಗಾಲಿಯನ್ನು ನೆಲದಿಂದೆತ್ತಿ, ಆ ಗಾಲಿಯ ಬ್ರೇಕಿನಿಂದ ಗಾಳಿ ತೆಗೆಯುವುದಕ್ಕೆಂದು ಇಟ್ಟಿರುವ ಸಣ್ಣ ತಿರುಪನ್ನು ಸಡಿಲಿಸಬೇಕು. ಆಯಿಲ್ ಚಿಮ್ಮಿ ಗಾಲಿ ಕೂಡಲೆ ಬಿಟ್ಟುಕೊಂಡರೆ, ಒತ್ತಡವು ಒಳಗೆ ಸಿಕ್ಕಿಕೊಂಡಿತ್ತೆಂದು ಅರ್ಥ. ದೋಷವು ರಬ್ಬರು ಕೊಳವೆಯಲ್ಲಿಯೋ ಪೆಡಲಿನ ಬಳಿಯ ಮಾಸ್ಟರ್ ಸಿಲಿಂಡರಿನಲ್ಲಿಯೋ ಇದೆ. ತಿರುಪನ್ನು ಸಡಿಲಿಸಿದರೂ ಗಾಲಿ ಬಿಡದಿದ್ದರೆ ದೋಷವು ಆ ಗಾಲಿಯಲ್ಲಿಯೇ, ಪಿಸ್ಟನ್ನು, ಪಿನ್ನು, ಶೂ, ತಂತಿ ಇವುಗಳಲ್ಲಿ ಒಂದರಲ್ಲಿ ಇದೆ. ಪರೀಕ್ಷೆಯಾದ ಮೇಲೆ ಕೊಳವೆಯೊಳಗೆ ಸೇರಿದ ಗಾಳಿಯನ್ನು ತಪ್ಪದೆ ಹೊರಗೆ ತೆಗೆಯಬೇಕು. ಪಿನ್ನುಗಳಿಗೆ ಬ್ರೇಕಿಗೆಂದೇ ಮಾಡಿದ, ಕಾವು ತಡೆಯುವ ಗ್ರೀಸನ್ನು ಮಾತ್ರ ಹಾಕಬೇಕು. ಸಾಧಾರಣ ಗ್ರೀಸಿನಿಂದ ರಬ್ಬರು ಊದಿಕೊಂಡು ರೋಗ ಮರುಕಳಿಸುತ್ತದೆ. ಪ್ಯಾಡನ್ನಾಗಲಿ ಶೂವನ್ನಾಗಲಿ ಬದಲಾಯಿಸಿದರೆ ಒಂದೇ ಅಚ್ಚಿನ ಎಡಬಲಗಳೆರಡಕ್ಕೂ ಬದಲಾಯಿಸತಕ್ಕದ್ದು. ಇಲ್ಲವಾದರೆ ಬ್ರೇಕು ಹಾಕಿದಾಗಲೆಲ್ಲ ಗಾಡಿ ಒಂದು ಕಡೆಗೆ ತಿರುಗುತ್ತದೆ.

ಪ್ರಯಾಣದ ನಡುವೆಯೇ ಗಾಲಿ ಹೊಗೆಯಾಡತೊಡಗಿದರೆ ರಸ್ತೆಯ ಬದಿಗೆ ನಿಲ್ಲಿಸಿ, ಎಲ್ಲರನ್ನೂ ಇಳಿಸಿ ಗಾಡಿಯಿಂದ ದೂರ ಕೂರಿಸಿರಿ. ಹ್ಯಾಂಡ್‌ಬ್ರೇಕನ್ನು ಎಳೆಯದೆ ಗಾಲಿಗೆ ಕಲ್ಲು ಕೊಡಿರಿ. ಕಾದ ಡಿಸ್ಕಿನ ಮೇಲೆ ತಣ್ಣೀರು ಎರಚಬೇಡಿರಿ. ಅದು ಸೊಟ್ಟಗಾಗಬಹುದು, ಬಿರಿಯಲೂಬಹುದು. ಆದರೆ ಬೆಂಕಿಯೇ ಹತ್ತಿಕೊಂಡರೆ ಈ ಮಾತು ಅನ್ವಯಿಸುವುದಿಲ್ಲ. ಆಗ ಬೆಂಕಿಯನ್ನು ಆರಿಸುವುದೊಂದೇ ಯೋಚನೆ. ತಣ್ಣಗಾದ ಮೇಲೆ ಗಾಲಿ ತಿರುಗುವುದನ್ನು ನೋಡಿ, ‘ಸರಿಹೋಯಿತು’ ಎಂದು ಪ್ರಯಾಣವನ್ನು ಮುಂದುವರಿಸುವುದುಂಟು. ನಾವು ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೇ ಆ ಮಾತು.

ಏಕೆಂದರೆ, ಹಿಡಿದ ಗಾಲಿಯ ಕಾವು ಗಾಲಿಯಲ್ಲಿಯೇ ನಿಲ್ಲುವುದಿಲ್ಲ. ಬ್ರೇಕ್ ಆಯಿಲಿಗೆ ಹೋಗುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಈ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಗುಣವುಂಟು. ‘ಡಾಟ್ ೩’ ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂದು ನಿಯಮವಿದೆ. ನೀರು ಹೀರಿದ ಮೇಲೆ ಆ ಮಿತಿಯು ೧೪೦ ಡಿಗ್ರಿಗೆ ಇಳಿಯುತ್ತದೆ. ‘ಡಾಟ್ ೪’ ದರ್ಜೆಗೆ ಈ ಅಂಕಗಳು ೨೩೦ ಮತ್ತು ೧೫೫. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿಯು ಕುಗ್ಗುತ್ತದೆ. ಆಗ ಪೆಡಲು ನೆಲ ಮುಟ್ಟುವವರೆಗೆ ಹೋದರೂ ಗಾಲಿಗಳಿಗೆ ಒತ್ತಡ ಮುಟ್ಟುವುದಿಲ್ಲ. ಬಿಡಲೊಲ್ಲದ ಬ್ರೇಕು ಹೀಗೆ ಒಂದು ಗಳಿಗೆಯಲ್ಲಿ ಹಿಡಿಯಲಾರದ ಬ್ರೇಕಾಗಿ ಪರಿಣಮಿಸುತ್ತದೆ. ಆಗುಂಬೆ, ಚಾರ್ಮಾಡಿ, ಶಿರಾಡಿಯಂತಹ ಘಟ್ಟಗಳನ್ನು ಇಳಿಯುವ ಕುಟುಂಬಕ್ಕೆ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಆದುದರಿಂದ ಹಿಡಿದ ಗಾಲಿಯನ್ನು ಬಿಡಿಸಿದರೆ ಅರ್ಧ ಕೆಲಸ ಮುಗಿಯಿತು. ಏಕೆ ಹಿಡಿಯಿತೆಂಬುದು ತಿಳಿದು ಸರಿಯಾದಾಗ ಮಾತ್ರ ಉಳಿದರ್ಧವೂ ಮುಗಿಯಿತು. ಅದುವರೆಗೆ ಆ ಗಾಡಿಯಲ್ಲಿ ಹೆಂಡಿರುಮಕ್ಕಳನ್ನು ಕೂರಿಸಿಕೊಂಡು ಹೊರಡತಕ್ಕದ್ದಲ್ಲ.

ಇನ್ನು ಮೂರನೆಯ ಸಂದರ್ಭ. ಇಲ್ಲಿ ಯಂತ್ರದಲ್ಲಿ ದೋಷವಿಲ್ಲದೆಯೂ ಗಾಲಿ ನಿಲ್ಲುತ್ತದೆ. ಎದುರಿಗೆ ದನವೋ ಮಗುವೋ ಅಡ್ಡಬಂದಾಗ ಬಲವಾಗಿ ತುಳಿದರೆ, ಟಯರು ನೆಲವನ್ನು ಹಿಡಿಯುವ ಶಕ್ತಿಗಿಂತ ಬ್ರೇಕು ಗಾಲಿಯನ್ನು ಹಿಡಿಯುವ ಶಕ್ತಿ ಹೆಚ್ಚಾಗಿ, ಗಾಲಿ ತಿರುಗುವುದು ನಿಂತು ಗಾಡಿ ಜಾರುತ್ತದೆ. ಉರುಳುವ ಟಯರಿಗಿಂತ ಜಾರುವ ಟಯರಿಗೆ ಹಿಡಿತ ಕಡಮೆ. ಗಾಲಿಯು ಪೂರ್ತಿ ನಿಲ್ಲದೆ, ಗಾಡಿಯ ವೇಗಕ್ಕಿಂತ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ನಿಧಾನವಾಗಿ ಉರುಳುತ್ತಿರುವಾಗಲೇ ಹಿಡಿತವು ಹೆಚ್ಚಾಗಿರುತ್ತದೆ. ಮುಂದಿನ ಗಾಲಿಗಳು ನಿಂತರೆ ಸ್ಟಿಯರಿಂಗನ್ನು ಎತ್ತ ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುವುದು. ಹಿಂದಿನವು ನಿಂತರೆ ಗಾಡಿಯ ಬಾಲವು ಸುತ್ತಿ ಮುಂದಕ್ಕೆ ಬರುವುದು.

ಇದಕ್ಕೆ ಪರಿಹಾರವಾಗಿ ಹುಟ್ಟಿದ ಏರ್ಪಾಟಿಗೆ ಎ.ಬಿ.ಎಸ್. ಎಂದು ಹೆಸರು. ವಿಮಾನದ ಗಾಲಿಗಳಲ್ಲಿ ೧೯೫೦ರ ದಶಕದಲ್ಲಿಯೇ ಇಂತಹ ಸಾಧನವಿತ್ತು. ವಿದ್ಯುನ್ಮಾನದಿಂದ ನಡೆಯುವ ಈಗಿನ ರೀತಿಯದನ್ನು ಜರ್ಮನಿಯ ಬಾಷ್ ಕಂಪನಿಯವರು ಸಿದ್ಧಪಡಿಸಿ, ೧೯೭೮ರಲ್ಲಿ ಮರ್ಸಿಡಿಸ್ ಬೆಂಜ್ ಕಾರಿಗೆ ಅಳವಡಿಸಿದರು. ನಮ್ಮ ದೇಶದಲ್ಲಿ ೨೦೧೯ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಗಿದೆ. ಗಾಲಿ ನಿಲ್ಲುವ ಸೂಚನೆ ಕಂಡೊಡನೆ ಇದು ಬ್ರೇಕನ್ನು ಸಡಿಲಿಸಿ ಮತ್ತೆ ಒತ್ತುತ್ತದೆ. ಹೀಗೆ ಒಂದು ಸೆಕೆಂಡಿನಲ್ಲಿ ಅನೇಕ ಸಲ ಮಾಡುತ್ತದೆ. ಆಗ ಪೆಡಲು ಕಾಲಿನ ಕೆಳಗೆ ದಡದಡನೆ ನಡುಗುವುದು. ಇದನ್ನರಿಯದವರು ಏನೋ ಮುರಿಯಿತೆಂದು ಹೆದರಿ ಕಾಲು ತೆಗೆಯುವರು. ಅದೇ ಅಪಘಾತಕ್ಕೆ ಕಾರಣವಾಗಬಹುದು. ಗಟ್ಟಿಯಾಗಿ ತುಳಿದೇ ಇದ್ದು, ಅಡಚಣೆಯನ್ನು ತಪ್ಪಿಸುವಂತೆ ಸ್ಟಿಯರಿಂಗನ್ನು ತಿರುಗಿಸಬೇಕು. ಎ.ಬಿ.ಎಸ್. ಇಲ್ಲದ ಹಳೆಯ ಗಾಡಿಯಲ್ಲಾದರೆ, ಗಾಲಿ ಜಾರಿದೊಡನೆ ಕಾಲನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ತುಳಿಯಬೇಕು. ಈ ಏರ್ಪಾಟಿನ ಹಳದಿ ದೀಪವು ಸದಾ ಉರಿಯುತ್ತಿದ್ದರೆ ಅದು ಕೆಲಸಮಾಡುತ್ತಿಲ್ಲವೆಂದು ತಿಳಿದು ರಿಪೇರಿ ಮಾಡಿಸಬೇಕು.

ಆದರೆ ಯಾವ ಏರ್ಪಾಟೂ ನೆಲದಲ್ಲಿಲ್ಲದ ಹಿಡಿತವನ್ನು ಹುಟ್ಟಿಸಲಾರದು. ಗಂಟೆಗೆ ೬೦ ಕಿಲೋಮೀಟರು ವೇಗದ ಗಾಡಿ ಸೆಕೆಂಡಿಗೆ ಸುಮಾರು ೧೭ ಮೀಟರು ಓಡುತ್ತದೆ. ಒಣ ರಸ್ತೆಯಲ್ಲಿ ಟಯರಿನ ಹಿಡಿತವು ಗಾಡಿಯ ತೂಕದ ಹತ್ತರಲ್ಲಿ ಏಳು ಪಾಲಿದ್ದರೆ, ಬ್ರೇಕು ಹಿಡಿದ ಮೇಲೆ ಸುಮಾರು ೨೦ ಮೀಟರಿಗೆ ನಿಲ್ಲುವುದು. ಮಳೆಯಲ್ಲಿ ಅದು ನಾಲ್ಕು ಪಾಲಿಗೆ ಇಳಿದರೆ ೩೫ ಮೀಟರಾದರೂ ಬೇಕು. ಕಾಲು ಪೆಡಲಿಗೆ ಹೋಗುವ ಹೊತ್ತಿನಲ್ಲಿ ಗಾಡಿ ಓಡಿದ ದೂರ ಇದರಲ್ಲಿ ಸೇರಿಲ್ಲ. ವೇಗವನ್ನು ಅರ್ಧಮಾಡಿದರೆ ಈ ದೂರವು ಕಾಲುಭಾಗವಾಗುತ್ತದೆ. ಮಳೆಗಾಲದಲ್ಲಿ ನಿಧಾನವಾಗಿ ಹೋಗೆಂದು ಮನೆಯ ಹಿರಿಯರು ಹೇಳುವ ಮಾತಿಗೆ ಗಣಿತದ ಬೆಂಬಲ ಇಷ್ಟಿದೆ.

ಕೊನೆಯಲ್ಲಿ, ಗಾಲಿ ಹಿಡಿಯದಂತೆ ನೋಡಿಕೊಳ್ಳುವ ಕೆಲವು ಸುಲಭವಾದ ನಿಯಮಗಳನ್ನು ಹೇಳಿ ಮುಗಿಸುವೆವು. ಗಾಡಿಯನ್ನು ತೊಳೆದ ಮೇಲೆ ಒಂದೆರಡು ಫರ್ಲಾಂಗು ನಡೆಸಿ, ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿ ನಿಲ್ಲಿಸಿರಿ. ವಾರಕ್ಕೆ ಮೀರಿ ಊರಿಗೆ ಹೋಗುವಾಗ ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನು ಎಳೆಯದೆ, ಗೇರಿನಲ್ಲಿಟ್ಟು ಗಾಲಿಗಳಿಗೆ ಎರಡು ಕಡೆಯೂ ಕಲ್ಲನ್ನೋ ಮರದ ತುಂಡನ್ನೋ ಕೊಡಿರಿ. ಹಿಂದಿರುಗಿ ಬಂದಾಗ ಅವನ್ನು ತೆಗೆಯಲು ಮರೆಯಬೇಡಿರಿ. ಇಳಿಜಾರಿನಲ್ಲಿ ಮಾತ್ರ ಹ್ಯಾಂಡ್‌ಬ್ರೇಕನ್ನು ಎಳೆಯಲೇಬೇಕು. ಮನೆಯಲ್ಲಿಯೇ ಇದ್ದರೆ ವಾರಕ್ಕೊಮ್ಮೆಯಾದರೂ ಗಾಡಿಯನ್ನು ಹೊರಗೆ ತನ್ನಿರಿ. ಬ್ರೇಕ್ ಆಯಿಲನ್ನು ಸಾಮಾನ್ಯವಾಗಿ ಎರಡು ವರುಷಕ್ಕೊಮ್ಮೆ ಬದಲಾಯಿಸಿರಿ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅವಧಿಯಿದ್ದರೆ ಅದನ್ನೇ ಅನುಸರಿಸಿರಿ. ಮಳೆಗಾಲಕ್ಕೆ ಮುಂಚೆ ಗಾಲಿಗಳನ್ನು ಬಿಚ್ಚಿಸಿ ಪಿನ್ನು, ಶೂ, ತಂತಿಗಳನ್ನು ಶುಚಿಮಾಡಿಸಿರಿ. ಮಾಡಿನ ಹೆಂಚನ್ನು ಕೈಯಾಡಿಸುವ ಕಾಲದಲ್ಲಿಯೇ ಈ ಕೆಲಸವನ್ನೂ ಇಟ್ಟುಕೊಂಡರೆ ಮರೆವು ಬಾರದು. ಎರಡೂ ಕೆಲಸಗಳ ಉದ್ದೇಶ ಒಂದೇ: ಮಳೆ ಹಿಡಿದ ಮೇಲೆ ಮನೆಮಂದಿ ನಿಶ್ಚಿಂತೆಯಿಂದಿರಬೇಕು.

ಟಯರುಗಳ ಸವಕಳಿಯನ್ನು ಅಳೆಯುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ವಿವರಿಸುವೆವು.